ಮಾಯಕ್ಕನ ಜಾತ್ರೆಗೆ ಹೊರಟವನಿಗೆ

ತಮ್ಮಾ, ಭರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಹೊರಟಿದ್ದೀಯ. ಭಂಡಾರ ಹಾರುವ ಆ ಗದ್ದಲದಲ್ಲಿ ಕಿಸೆ ಜೋಪಾನ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮಾತು ಕಳುವಾದ ಮೇಲಿನದು. ಫೋನ್ ಹೋದರೆ ಹಣೆಬರಹ ಎಂದು ಸುಮ್ಮನೆ ಕೂರಬೇಡ, ಅದೇ ದಿನ ಅದಕ್ಕೆ ಬೀಗ ಹಾಕಿಸು.

ಹೊರಡುವ ಮೊದಲು *#06# ಒತ್ತು. ಫೋನಿನ ಗುರುತಾದ 15 ಅಂಕಿಯ ಐಎಂಇಐ ಸಂಖ್ಯೆ ಕಾಣುತ್ತದೆ, ಎರಡು ಸಿಮ್ಮಿನ ಫೋನಿಗೆ ಎರಡು ಸಂಖ್ಯೆ. ಮನೆಯ ವಹಿಯಲ್ಲಿ ಬರೆದಿಡು. ಫೋನಿನಲ್ಲೇ ಇಟ್ಟರೆ ಅದೂ ಕಳ್ಳನ ಪಾಲು.

ಕಳುವಾದ ಕೂಡಲೇ ಬೇರೆಯವರ ಫೋನಿನಿಂದ ನಿನ್ನ ಗೂಗಲ್ ಖಾತೆಗೆ ಹೋಗಿ ಫೋನ್ ಲಾಕ್ ಮಾಡು, ಬ್ಯಾಂಕಿಗೆ ತಿಳಿಸು. ಆಮೇಲೆ ಪೊಲೀಸರಿಗೆ ದೂರು ಕೊಟ್ಟು, ಅದೇ ನಂಬರಿನ ಹೊಸ ಸಿಮ್ ತೆಗೆದುಕೊಂಡು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಪೋರ್ಟಲಿನ ಸಿಇಐಆರ್ ವಿಭಾಗದಲ್ಲಿ ಫೋನಿಗೆ ಬೀಗ ಹಾಕಿಸಲು ಅರ್ಜಿ ಹಾಕು. 24 ತಾಸಿನೊಳಗೆ ಆ ಫೋನಿಗೆ ದೇಶದ ಯಾವ ಕಂಪನಿಯ ನೆಟ್‌ವರ್ಕೂ ಸಿಗದಂತಾಗುತ್ತದೆ. ಯಾರಾದರೂ ಸಿಮ್ ಹಾಕಿ ನೋಡಿದರೆ ಸುಳಿವು ಪೊಲೀಸರಿಗೆ ಮುಟ್ಟುತ್ತದೆ.

ನಮ್ಮಂಥ ಗಡಿಯವರಿಗೆ ಇದು ದೊಡ್ಡ ಬಲ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದರೆ ಕೊಲ್ಹಾಪುರ, ಕಾಗವಾಡ ದಾಟಿದರೆ ಮಿರಜ. ಮಹಾರಾಷ್ಟ್ರದಲ್ಲಿ 2019ರಲ್ಲೇ ಪ್ರಯೋಗಕ್ಕೆ ಬಂದ ಈ ವ್ಯವಸ್ಥೆ 2023ರ ಮೇ ತಿಂಗಳಿಂದ ದೇಶದ ತುಂಬ ಇದೆ. ಕಳ್ಳ ಗಡಿ ದಾಟಬಹುದು, ಬೀಗ ಅವನ ಬೆನ್ನಿಗೇ ಇರುತ್ತದೆ.

‘ಹಳೇ ಫೋನು, ಅದಕ್ಕಾಗಿ ಯಾರು ಅಲೆಯಬೇಕು’ ಎನ್ನಬೇಡ. ಕಳ್ಳ ಕದಿಯುವುದು ಮಾರುವುದಕ್ಕೆ, ಬೀಗ ಬಿದ್ದ ಫೋನು ಸುಲಭಕ್ಕೆ ಮಾರಾಟವಾಗದು. ಬಿಡಿಭಾಗ ಕಿತ್ತು ಮಾರಬಹುದು ನಿಜ, ಆದರೆ ನಡೆಯುವ ಫೋನಿಗೆ ಬರುವ ರೊಕ್ಕ ಅದಕ್ಕೆಲ್ಲಿ ಬರಬೇಕು? ನಿನ್ನ ಫೋನ್ ಸಿಗದೇ ಹೋದರೂ ನೀನು ಹಾಕಿಸಿದ ಬೀಗ ಮುಂದಿನ ಜಾತ್ರೆಯಲ್ಲಿ ಯಾರೋ ತಂಗಿಯ ಫೋನ್ ಉಳಿಸೀತು.

ಇದಕ್ಕಿಂತ ಗಟ್ಟಿಯಾಗಿ ಹೇಳಬೇಕಾದದ್ದು ಇನ್ನೊಂದಿದೆ. ಅಥಣಿಯಲ್ಲಾಗಲಿ ರಾಯಬಾಗದಲ್ಲಾಗಲಿ ಬಿಲ್ಲಿಲ್ಲದ ಫೋನ್ ಅಗ್ಗಕ್ಕೆ ಬಂದರೆ ಕೈ ಚಾಚಬೇಡ. ಕೊಳ್ಳುವವನಿದ್ದಾನೆಂದೇ ಕಳ್ಳನಿದ್ದಾನೆ. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಐಎಂಇಐ ಸೇರಿಸಿ 14422ಕ್ಕೆ ಸಂದೇಶ ಕಳಿಸು. ಕಪ್ಪುಪಟ್ಟಿ, ನಕಲಿ ಎಂಬ ಉತ್ತರ ಬಂದರೆ ಹಿಂದಕ್ಕೆ ಕೊಟ್ಟುಬಿಡು. ಐಎಂಇಐ ಸಂಖ್ಯೆ ಬದಲಿಸಿ ಕೊಡುತ್ತೇನೆ ಎನ್ನುವವರ ಹತ್ತಿರವೂ ಸುಳಿಯಬೇಡ, 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ.

ನಿನ್ನ ಫೋನ್ ಮರಳಿ ಸಿಕ್ಕರೆ ಅದೇ ಪೋರ್ಟಲಿನಲ್ಲಿ ಬೀಗ ತೆಗೆಸಿಕೋ. ಅದಕ್ಕೆ ಅರ್ಜಿಯ ಸಂಖ್ಯೆ ಬೇಕಾಗುತ್ತದೆ, ಅದನ್ನೂ ವಹಿಯಲ್ಲಿ ಬರೆದಿಟ್ಟುಕೊಂಡಿರು.