ಹಳೇ ಫೈರ್‌ವಾಲ್ ಪೆಟ್ಟಿಗೆ ಮಂಡಿಗೆ ಬಂದೀತೇ?

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದು ಕೊಬ್ಬರಿ ಮಂಡಿ. ಕಚೇರಿಯೊಂದು ಮಾರಿದ ಹಳೇ ಫೈರ್‌ವಾಲ್ ಪೆಟ್ಟಿಗೆ ಸಿಕ್ಕಿದೆ, ಲೈಸೆನ್ಸ್ ಮುಗಿದಿದೆ. ಬಳಸಬಹುದೇ?

ಉತ್ತರ: ಬಳಸಬಹುದು, ಮೊದಲು ಪ್ರೊಸೆಸರ್ ನೋಡಿ. 64 ಬಿಟ್‌ನ ಇಂಟೆಲ್ ಅಥವಾ ಎಎಂಡಿ ಆಗಿದ್ದರೆ ಓಪಿಎನ್‌ಸೆನ್ಸ್ ಹಾಕಿ. ಪಿಎಫ್‌ಸೆನ್ಸ್ ಎಂಬ ಫೈರ್‌ವಾಲ್ ತಂತ್ರಾಂಶದಿಂದ ಕವಲೊಡೆದು 2015ರಲ್ಲಿ ಬಿಡುಗಡೆಯಾದ ಈ ಮುಕ್ತ ತಂತ್ರಾಂಶಕ್ಕೆ ಲೈಸೆನ್ಸ್ ಶುಲ್ಕವಿಲ್ಲ. ಎಆರ್‌ಎಂ ಅಥವಾ ಮಿಪ್ಸ್ ಆಗಿದ್ದರೆ, ಆ ಮಾದರಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ರೂಟರ್ ತಂತ್ರಾಂಶ ಸಿಗದಿದ್ದಲ್ಲಿ ಆಸೆ ಬಿಡಿ.

4 ಜಿಬಿ ರ‍್ಯಾಮ್, ಹೊಸ ಎಸ್‌ಎಸ್‌ಡಿ ಇರಲಿ. ಮಾನಿಟರ್ ಪೋರ್ಟ್ ಇಲ್ಲದಿದ್ದರೆ ಕನ್ಸೋಲ್ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿ, ಸೀರಿಯಲ್ ಇಮೇಜ್ ಬಳಸಿ ಇನ್‌ಸ್ಟಾಲ್ ಮಾಡಿ.

ಎಪಿಎಂಸಿ ಇ-ಟೆಂಡರ್ ಮತ್ತು ಬ್ಯಾಂಕ್ ವ್ಯವಹಾರದ ಕಂಪ್ಯೂಟರ್‌ಗಳನ್ನು ಒಂದು ಪೋರ್ಟಿಗೆ, ಸಿಸಿ ಕ್ಯಾಮೆರಾ ಮತ್ತು ಬಂದವರ ವೈಫೈಯನ್ನು ಇನ್ನೊಂದಕ್ಕೆ ಕೊಡಿ. ನಡುವೆ ಸಂಚಾರ ತಡೆಯುವ ನಿಯಮ ಬರೆಯಿರಿ. ಕರೆಂಟ್ ಹೋಗುವ ಊರಲ್ಲಿ ಯುಪಿಎಸ್ ಕಡ್ಡಾಯ. ಸೆಟ್ಟಿಂಗ್‌ಗಳ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿಡಿ, ಅಪ್‌ಡೇಟ್ ತಪ್ಪಿಸಬೇಡಿ.