ಇ4ಕ್ಕೆ ತಳ್ಳಿದ ಕಾಲಾಳು

ಮೈಸೂರು

ಪ್ರೀತಿಯ ಪುಟ್ಟಿ,

ನೀನು ವಾಟ್ಸ್ಯಾಪ್‌ನಲ್ಲಿ ಕಳಿಸಿದ ಸ್ಕೋರ್‌ಶೀಟ್ ನೋಡಿದೆ. ನಿನ್ನ 7 ಯಾವುದು, 1 ಯಾವುದು ಅಂತ ತಿಳಿಯೋಕೇ ಅರ್ಧ ಗಂಟೆ ಹಿಡೀತು. ಊಟದ ಮೇಜಿನ ಮೇಲೆ ಚೆಸ್ ಬೋರ್ಡ್ ಹರಡಿ ಆಟ ಪೂರ್ತಿ ಆಡಿದೆ. ಸಾರು ಆರಿಹೋಯಿತೆಂದು ಅಜ್ಜಿ ಬೈದದ್ದು ನಿನ್ನ ಲೆಕ್ಕಕ್ಕೆ.

‘ಗೆಲ್ಲೋ ಆಟ ಡ್ರಾ ಆಯ್ತು, ಎಂಜಿನ್‌ನಲ್ಲೂ ನೋಡಿದೆ ತಾತ’ ಅಂದಿದ್ದೀಯ. ಕಂಪ್ಯೂಟರ್ ಎಂಜಿನ್ ಸೊನ್ನೆ, ಅಂದರೆ ಸಮಬಲ, ತೋರಿಸಿರುತ್ತೆ. ಯಾಕೆ ಸೊನ್ನೆ ಅಂತ ಹೇಳಿತಾ?

ಬೋರ್ಡ್ ತೆಗಿ. ನಿನ್ನ ರಾಜ ಇ5, ಕಾಲಾಳು ಇ4, ಅವನ ರಾಜ ಇ7. ನಡೆ ನಿನ್ನದು. ನೀನು ಎತ್ತ ಸರಿದರೂ ಅವನು ಎದುರಿಗೇ ಬಂದು ನಿಲ್ಲುತ್ತಾನೆ. ಈಗ ಕಾಲಾಳನ್ನು ಮಾತ್ರ ಇ3ರಲ್ಲಿಡು. ನಡೆ ನಿನ್ನದೇ ಇರಲಿ. ಇ4 ತಳ್ಳು. ಈಗ ಸರಿಯಬೇಕಾದವನು ಅವನು! ಡಿ7ಕ್ಕೆ ಹೋದರೆ ನೀನು ಎಫ್6ಕ್ಕೆ ನುಗ್ಗು, ಎಫ್7ಕ್ಕೆ ಹೋದರೆ ಡಿ6ಕ್ಕೆ. ಆ ಒಂದು ನಡೆಯನ್ನು ನೀನು ಅವಸರದಲ್ಲಿ ಮೊದಲೇ ಖರ್ಚು ಮಾಡಿಬಿಟ್ಟಿದ್ದೆ.

ಇದು ಮಕ್ಕಳ ಪಾಠ ಅನ್ನಬೇಡ. 2024ರ ಡಿಸೆಂಬರ್ 12, ಸಿಂಗಪುರ, ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟ. 55ನೇ ನಡೆಯಲ್ಲಿ ಡಿಂಗ್ ಲಿರೆನ್ ಆನೆಯನ್ನು ಎಫ್2ಕ್ಕೆ ತಂದರು. ಎದುರಾಳಿ ಗುಕೇಶ್ ಆನೆ ಹೊಡೆದ, ಒಂಟೆಗೆ ಒಂಟೆ ಎದುರಿಟ್ಟ. ಎಲ್ಲ ಕಳೆದು ಉಳಿದದ್ದು ರಾಜರು, ಕಾಲಾಳುಗಳು. ಇವನದು ಒಂದು ಕಾಲಾಳು ಹೆಚ್ಚು. ಅಷ್ಟಕ್ಕೇ 18ರ ಹುಡುಗ ಚಾಂಪಿಯನ್ ಆದ. ಎಳೆಯನಾಗಿದ್ದಾಗ ಅವನ ಗುರು ವಿಷ್ಣು ಪ್ರಸನ್ನ ಅವನನ್ನು ಎಂಜಿನ್‌ನಿಂದ ದೂರವೇ ಇಟ್ಟಿದ್ದರು.

ನಾನು ನಿನ್ನ ವಯಸ್ಸಿನಲ್ಲಿ ಓಪನಿಂಗ್‌ಗಳನ್ನು ಮಗ್ಗಿ ಥರ ಉರು ಹೊಡೆದಿದ್ದೆ. ಎದುರಿನವನು ಐದನೇ ನಡೆಗೇ ಪುಸ್ತಕದಲ್ಲಿಲ್ಲದ್ದನ್ನು ಆಡಿದ. ಅಲ್ಲಿಗೆ ನನ್ನ ವಿದ್ಯೆ ಮುಗಿಯಿತು.

ಅದಕ್ಕೇ ಹೇಳೋದು, ಆಟ ಆಡಿದ ರಾತ್ರಿ ಎಂಜಿನ್ ತೆರೆಯಬೇಡ. ಎಲ್ಲಿ ಹೆದರಿದೆ, ಎಲ್ಲಿ ಆತುರಪಟ್ಟೆ, ಯಾವ ನಡೆ ಕಣ್ಣಿಗೇ ಬೀಳಲಿಲ್ಲ, ಹಾಳೆಯ ಅಂಚಿನಲ್ಲೇ ಬರಿ. ಮಾರನೆಯ ದಿನ ಬೇಕಾದರೆ ಎಂಜಿನ್ ಅನ್ನು ಕೇಳು. ಪಜಲ್ ದಿನಕ್ಕೆ ಹತ್ತು ಸಾಕು, ಆದರೆ ಕೊನೇ ನಡೆವರೆಗೂ ತಲೆಯಲ್ಲೇ ಎಣಿಸಿ ಆಮೇಲೆ ಕೈ ಹಾಕು.

ದಸರಾ ರಜೆಗೆ ಬಾ, ಆನೆ-ಕಾಲಾಳಿನ ಕೊನೆಯಾಟ ಕೂತು ಆಡೋಣ. ಕರೀ ಕುದುರೆಯೊಂದು ಕಳೆದುಹೋಗಿದೆ. ಅದರ ಬದಲು ಒಂದು ಗೋಟಡಿಕೆ ಇಟ್ಟಿದ್ದೇನೆ. ಅಜ್ಜಿಗೆ ಹೇಳಬೇಡ.

ಇಂತಿ ನಿನ್ನ
ತಾತ