ಮಿದುಳಿನ ಗಡ್ಡೆ: ಚಿತ್ರ ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು

1884ನೆಯ ಇಸವಿ ನವೆಂಬರ್ 25. ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ರಿಕ್‌ಮನ್ ಗಾಡ್ಲಿ ಎಂಬ ಶಸ್ತ್ರವೈದ್ಯರು ಇಪ್ಪತ್ತೈದು ವರ್ಷದ ಒಬ್ಬ ರೈತನ ತಲೆಬುರುಡೆ ತೆರೆದು ಮಿದುಳಿನಿಂದ ಒಂದು ಗಡ್ಡೆ ತೆಗೆದರು. ಗಡ್ಡೆ ಎಲ್ಲಿದೆ ಅಂತ ಅವರಿಗೆ ತೋರಿಸುವ ಚಿತ್ರ ಯಾವುದೂ ಇರಲಿಲ್ಲ. ಎಕ್ಸ್-ರೇ ಕಂಡುಹಿಡಿಯುವುದಕ್ಕೇ ಇನ್ನೂ ಹನ್ನೊಂದು ವರ್ಷ ಬಾಕಿ ಇತ್ತು. ಹ್ಯೂಸ್ ಬೆನೆಟ್ ಎಂಬ ವೈದ್ಯರು ರೋಗಿಯನ್ನು ಮಾತಾಡಿಸಿ, ಕೈಕಾಲು ಆಡಿಸಿ ನೋಡಿ ಲೆಕ್ಕ ಹಾಕಿದ್ದರು. ಎಡಗೈ ಸೋತಿದೆ, ಆಗಾಗ ಮೂರ್ಛೆ ಬರುತ್ತಿದೆ. ದೇಹದ ಎಡಭಾಗವನ್ನು ಆಳುವುದು ಮಿದುಳಿನ ಬಲಭಾಗ. ಅಂದಮೇಲೆ ಗಡ್ಡೆ ಬಲಗಡೆ, ಕೈಯನ್ನಾಡಿಸುವ ಜಾಗದಲ್ಲೇ ಇರಬೇಕು. ತೆರೆದು ನೋಡಿದಾಗ ಅಲ್ಲೇ ಇತ್ತು! ಲೆಕ್ಕವೇನೋ ಸರಿಯಾಯಿತು. ಆದರೆ ಗಾಯಕ್ಕೆ ನಂಜೇರಿ ಸುಮಾರು ಒಂದು ತಿಂಗಳೊಳಗೆ ರೋಗಿ ತೀರಿಕೊಂಡ.

ಈಗ ಅದೇ ತೊಂದರೆ ಇದ್ದವರಿಗೆ ಒಂದೇ ದಿನದಲ್ಲಿ ನೂರಾರು ಚಿತ್ರ ತೆಗೆಯುತ್ತಾರೆ. ಚಿತ್ರ ಇದೆಯಲ್ಲ, ಇನ್ನೇನು, ಎಲ್ಲವೂ ಗೊತ್ತಾಯಿತು ಅಂತ ನಮಗೆ ಅನಿಸುತ್ತದೆ. ಅದು ಪೂರ್ತಿ ನಿಜವಲ್ಲ. ಒಂದೊಂದು ಚಿತ್ರ ಒಂದೊಂದು ಪ್ರಶ್ನೆಗೆ ಉತ್ತರ. ಯಾವ ಪ್ರಶ್ನೆ ಕೇಳಿದ್ದೆವು ಅಂತ ತಿಳಿಯದೆ ಉತ್ತರ ಓದಿದರೆ ಸುಮ್ಮನೆ ಹೆದರುತ್ತೇವೆ, ಇಲ್ಲವೇ ಸುಮ್ಮನೆ ಸಮಾಧಾನ ಪಡುತ್ತೇವೆ. ಈ ಪಾಠದ ಹುರುಳು ಇಷ್ಟೇ. ನಮ್ಮಲ್ಲಿ ಸಾಯನ್ಸಿನವರೂ ಇದ್ದಾರೆ, ಕಾಮರ್ಸಿನವರೂ ಇದ್ದಾರೆ. ಇಬ್ಬರಿಗೂ ತಿಳಿಯುವ ಹಾಗೆ ಒಂದೊಂದಾಗಿ ನೋಡೋಣ.

1. ನೆರಳು ಮತ್ತು ಬಿಲ್ಲೆ

1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಎಕ್ಸ್-ರೇಗೆ ಮೂಳೆ ಚೆನ್ನಾಗಿ ಕಾಣುತ್ತದೆ, ಮಿದುಳು ಕಾಣುವುದಿಲ್ಲ. ಮಿದುಳೂ ಮೃದು, ಗಡ್ಡೆಯೂ ಮೃದು. ಎರಡರ ನೆರಳೂ ಒಂದೇ, ಮೇಲೆ ತಲೆಬುರುಡೆಯ ದಟ್ಟ ನೆರಳು ಬೇರೆ. ಹೀಗಾಗಿ ವೈದ್ಯರು ಅಡ್ಡದಾರಿ ಹುಡುಕಿದರು. 1918ರಲ್ಲಿ ಅಮೆರಿಕದ ವಾಲ್ಟರ್ ಡ್ಯಾಂಡಿ ಮಿದುಳಿನೊಳಗಿನ ನೀರಿನ ಕೋಣೆಗಳಿಗೆ ಗಾಳಿ ತುಂಬಿಸಿ ಎಕ್ಸ್-ರೇ ತೆಗೆದರು. 1927ರಲ್ಲಿ ಪೋರ್ಚುಗಲ್ಲಿನ ಎಗಾಸ್ ಮೋನಿಜ್ ಕುತ್ತಿಗೆಯ ರಕ್ತನಾಳಕ್ಕೆ ಔಷಧಿ ಹಾಕಿ ಮಿದುಳಿನ ರಕ್ತನಾಳಗಳ ಚಿತ್ರ ತೆಗೆದರು. ಎರಡರಲ್ಲೂ ಗಡ್ಡೆ ಕಾಣುತ್ತಿರಲಿಲ್ಲ. ಕೋಣೆ ಒಂದು ಕಡೆಗೆ ಸರಿದಿದೆ, ನಾಳ ಬಾಗಿದೆ ಅಂತಷ್ಟೇ ಕಾಣುತ್ತಿತ್ತು. ಮನೆಯಲ್ಲಿ ಸಾಮಾನು ಚೆಲ್ಲಾಪಿಲ್ಲಿ ಆದದ್ದನ್ನು ಕಂಡು ಕಳ್ಳ ಹೊಕ್ಕಿದ್ದಾನೆ ಅಂತ ತಿಳಿಯುವ ಹಾಗೆ. ಗಾಳಿ ತುಂಬಿಸಿಕೊಂಡ ರೋಗಿಗೆ ತಲೆನೋವು, ವಾಂತಿಯ ಹಿಂಸೆ ಬೇರೆ.

ಈ ಕಣ್ಣುಮುಚ್ಚಾಲೆ ಮುಗಿದದ್ದು 1971ರ ಅಕ್ಟೋಬರ್ 1ರಂದು. ಇಂಗ್ಲೆಂಡಿನ ವಿಂಬಲ್ಡನ್ನಿನಲ್ಲಿ ಅಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆ. ಮಿದುಳಿನ ಮುಂಭಾಗದಲ್ಲಿ ಗಡ್ಡೆಯ ಸಂಶಯವಿದ್ದ ಒಬ್ಬ ಹೆಂಗಸು ಮೊಟ್ಟಮೊದಲು ಸಿ.ಟಿ. ಯಂತ್ರದಲ್ಲಿ ಮಲಗಿದರು. ಯಂತ್ರ ಕಟ್ಟಿದವರು ಇ.ಎಂ.ಐ. ಕಂಪನಿಯ ಎಂಜಿನಿಯರ್ ಗಾಡ್‌ಫ್ರಿ ಹೌನ್ಸ್‌ಫೀಲ್ಡ್. ಹೌದು, ಗ್ರಾಮಫೋನ್ ರೆಕಾರ್ಡು ಮಾಡುತ್ತಿದ್ದ ಅದೇ ಇ.ಎಂ.ಐ. ಎಕ್ಸ್-ರೇ ಕಿರಣವನ್ನು ತಲೆಯ ಸುತ್ತ ಒಂದೊಂದೇ ಡಿಗ್ರಿ ತಿರುಗಿಸುತ್ತ, ಪ್ರತಿ ಕೋನದಿಂದಲೂ ಎಷ್ಟು ಕಿರಣ ಆಚೆ ಬಂತು ಅಂತ ಅಳೆದು, ಕಂಪ್ಯೂಟರಿನಿಂದ ಲೆಕ್ಕ ಮಾಡಿಸಿದರು. ಸೌತೆಕಾಯಿ ಕೊಯ್ದು ಒಂದು ಬಿಲ್ಲೆ ಎತ್ತಿ ನೋಡಿದ ಹಾಗೆ, ತಲೆಯನ್ನು ಕೊಯ್ಯದೇನೇ ಒಂದು ಬಿಲ್ಲೆ ಕಂಡಿತು. ಆಗಿನ ಬಿಲ್ಲೆಯಲ್ಲಿ ಉದ್ದಕ್ಕೆ 80, ಅಡ್ಡಕ್ಕೆ 80 ಚೌಕ ಮಾತ್ರ. ಆದರೂ ಗಡ್ಡೆ ಕಂಡಿತು. 1979ರ ನೊಬೆಲ್ ಬಹುಮಾನ ಹೌನ್ಸ್‌ಫೀಲ್ಡ್‌ಗೂ, ಈ ಗಣಿತವನ್ನು ಬೇರೆಯಾಗಿಯೇ ಬಿಡಿಸಿದ್ದ ಅಲನ್ ಕಾರ್ಮಾಕ್‌ಗೂ ಹಂಚಿಕೆಯಾಯಿತು.

ಸಿ.ಟಿ. ಕೇಳುವ ಪ್ರಶ್ನೆ: ಈ ಜಾಗ ಎಷ್ಟು ದಟ್ಟ? ನೀರಿಗೆ ಸೊನ್ನೆ, ಗಾಳಿಗೆ ಋಣ 1000, ಮೂಳೆಗೆ ನೂರಾರು, ಹೀಗೆ ಅಂಕ ಕೊಡುತ್ತಾರೆ. ಆ ಅಳತೆಗೆ ಹೌನ್ಸ್‌ಫೀಲ್ಡ್ ಅವರದೇ ಹೆಸರು. ಕೆಲಸ ನಿಮಿಷದೊಳಗೆ ಮುಗಿಯುತ್ತದೆ. ರಕ್ತಸ್ರಾವ, ಸುಣ್ಣ ಕಟ್ಟಿದ ಜಾಗ, ಮೂಳೆಯ ಸವೆತ ಇವೆಲ್ಲ ಚೆನ್ನಾಗಿ ಕಾಣುತ್ತವೆ. ಆದ್ದರಿಂದಲೇ ರಾತ್ರೋರಾತ್ರಿ ಮೂರ್ಛೆ ಬಂದವರಿಗೆ ಇವತ್ತಿಗೂ ಸಾಮಾನ್ಯವಾಗಿ ಮೊದಲು ಮಾಡುವುದು ಸಿ.ಟಿ.

2. ನೀರು ಹೇಳುವ ಸುದ್ದಿ

ಎಂ.ಆರ್.ಐ. ಯಂತ್ರದಲ್ಲಿ ಎಕ್ಸ್-ರೇ ಇಲ್ಲ. ಅಲ್ಲಿರುವುದು ದೊಡ್ಡ ಅಯಸ್ಕಾಂತ, ರೇಡಿಯೋ ತರಂಗ. 1.5 ಟೆಸ್ಲಾ ಯಂತ್ರವೆಂದರೆ ಭೂಮಿಯ ಅಯಸ್ಕಾಂತ ಶಕ್ತಿಗಿಂತ ಸುಮಾರು ಮೂವತ್ತು ಸಾವಿರ ಪಟ್ಟು ಬಲ. ಪೇಸ್‌ಮೇಕರ್ ಇದೆಯೇ, ಮೈಯಲ್ಲಿ ಕಬ್ಬಿಣದ ಚೂರಿದೆಯೇ ಅಂತ ಅಷ್ಟೆಲ್ಲ ವಿಚಾರಿಸುವುದು ಇದಕ್ಕೇ. ನಮ್ಮ ದೇಹದ ನೀರಿನಲ್ಲಿರುವ ಜಲಜನಕದ ಬೀಜಗಳು ಆ ಅಯಸ್ಕಾಂತಕ್ಕೆ ಒಗ್ಗಿಕೊಂಡಿರುತ್ತವೆ. ರೇಡಿಯೋ ತರಂಗದಿಂದ ಅವನ್ನು ತಟ್ಟಿ ಎಬ್ಬಿಸುತ್ತಾರೆ. ಅವು ತಿರುಗಿ ಮೊದಲಿನ ಸ್ಥಿತಿಗೆ ಬರುವಾಗ ಸಂಕೇತ ಹೊರಡುತ್ತದೆ. ಕಾಯಿಲೆ ಇದ್ದ ಜಾಗದ ನೀರಿಗೂ ಆರೋಗ್ಯದ ಜಾಗದ ನೀರಿಗೂ ಮರಳುವ ವೇಗ ಬೇರೆ ಬೇರೆ. ಆ ವ್ಯತ್ಯಾಸವೇ ಚಿತ್ರ. ಸಂಕೇತವನ್ನು ಚಿತ್ರವಾಗಿಸುವ ದಾರಿಯನ್ನು 1973ರಲ್ಲಿ ತೋರಿಸಿದವರು ಪಾಲ್ ಲಾಟರ್ಬರ್. ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ನೊಬೆಲ್ ಬಂತು.

ಒಂದೇ ಯಂತ್ರ, ಆದರೆ ಪ್ರಶ್ನೆ ಬದಲಿಸಬಹುದು. ಟಿ-1 ಚಿತ್ರದಲ್ಲಿ ನೀರು ಕಪ್ಪು, ಟಿ-2ರಲ್ಲಿ ಬಿಳಿ. ಫ್ಲೇರ್ ಎಂಬ ಬಗೆಯಲ್ಲಿ ಮಿದುಳಿನ ಕೋಣೆಗಳ ಸಹಜ ನೀರನ್ನು ಕಪ್ಪಾಗಿಸಿ, ಗಡ್ಡೆಯ ಸುತ್ತಲಿನ ಊತ ಮಾತ್ರ ಬೆಳ್ಳಗೆ ಎದ್ದು ಕಾಣುವಂತೆ ಮಾಡುತ್ತಾರೆ. ಆಮೇಲೆ ಗ್ಯಾಡೋಲಿನಿಯಂ ಔಷಧಿ ಕೊಟ್ಟು ಇನ್ನೊಂದು ಸಲ ನೋಡುತ್ತಾರೆ. ರಕ್ತಕ್ಕೂ ಮಿದುಳಿಗೂ ನಡುವೆ ಒಂದು ಬಿಗಿಯಾದ ಬೇಲಿ ಇದೆ. ಬೇಲಿ ಮುರಿದಲ್ಲಿ ಔಷಧಿ ಸೋರಿ ಆ ಜಾಗ ಹೊಳೆಯುತ್ತದೆ.

ಇಲ್ಲಿ ಒಂದು ಮಾತು ನೆನಪಿಡಬೇಕು. ಹೊಳೆದದ್ದು ಮುರಿದ ಬೇಲಿ, ಇಡೀ ಗಡ್ಡೆಯಲ್ಲ. ಗ್ಲಿಯೋಮಾ ಎಂಬ ಜಾತಿಯ ಗಡ್ಡೆಯ ಕೋಶಗಳು ಹೊಳೆಯುವ ಅಂಚನ್ನೂ ದಾಟಿ, ಗರಿಕೆಯ ಬೇರಿನ ಹಾಗೆ ಒಳ್ಳೆಯ ಮಿದುಳಿನೊಳಗೆ ಹರಿದಿರುತ್ತವೆ. ನಿಧಾನವಾಗಿ ಬೆಳೆಯುವ ಎಷ್ಟೋ ಗ್ಲಿಯೋಮಾಗಳು ಹೊಳೆಯುವುದೇ ಇಲ್ಲ.

3. ಉಂಗುರ ಕಂಡ ಕೂಡಲೇ ಕ್ಯಾನ್ಸರ್ ಅಲ್ಲ

ಔಷಧಿ ಕೊಟ್ಟ ಮೇಲೆ ಕೆಲವರ ಚಿತ್ರದಲ್ಲಿ ಒಂದು ಉಂಗುರ ಕಾಣುತ್ತದೆ. ಅಂಚು ಬಿಳಿ, ನಡುವೆ ಕಪ್ಪು. ಕೆಟ್ಟ ಜಾತಿಯ ಗ್ಲಿಯೋಬ್ಲಾಸ್ಟೋಮಾ ಹೀಗೆ ಕಾಣಬಹುದು. ಬೇರೆ ಅಂಗದ ಕ್ಯಾನ್ಸರ್ ಮಿದುಳಿಗೆ ಹಬ್ಬಿದ್ದೂ ಹೀಗೆ ಕಾಣಬಹುದು. ಆದರೆ ಕೀವು ತುಂಬಿದ ಬಾವು, ಕ್ಷಯದ ಗಂಟು, ಲಾಡಿಹುಳುವಿನ ಮರಿ ಮಿದುಳಿಗೆ ಸೇರಿ ಆಗುವ ಗುಳ್ಳೆ, ಇವೂ ಹೀಗೇ ಕಾಣುತ್ತವೆ. ನಮ್ಮ ದೇಶದಲ್ಲಿ ಈ ಕೊನೆಯ ಎರಡು ಅಪರೂಪವೇನೂ ಅಲ್ಲ, ಮತ್ತು ಅವಕ್ಕೆ ಔಷಧಿ ಇದೆ.

ಹಾಗಾದರೆ ಬಿಡಿಸುವುದು ಹೇಗೆ? ಮತ್ತಷ್ಟು ಪ್ರಶ್ನೆ ಕೇಳಬೇಕು. ಡಿಫ್ಯೂಶನ್ ಚಿತ್ರ ಕೇಳುತ್ತದೆ: ಒಳಗಿನ ನೀರು ಸರಾಗವಾಗಿ ಓಡಾಡುತ್ತಿದೆಯೇ? ಕೀವು ಅಂಟಂಟಾದದ್ದು, ಅದರಲ್ಲಿ ನೀರು ಸಾಮಾನ್ಯವಾಗಿ ಓಡಾಡಲಾರದು. ಸತ್ತ ಗಡ್ಡೆಯ ನಡುಭಾಗದಲ್ಲಿ ಬಹಳ ಸಲ ಓಡಾಡುತ್ತದೆ. ಹುಳುವಿನ ಗುಳ್ಳೆಯೊಳಗೆ ಕೆಲವು ಸಲ ಹುಳುವಿನ ತಲೆಯೇ ಒಂದು ಚುಕ್ಕೆಯಾಗಿ ಕಾಣಿಸಿಕೊಳ್ಳುತ್ತದೆ. ಪರ್ಫ್ಯೂಶನ್ ಚಿತ್ರ ರಕ್ತ ಎಷ್ಟು ಹರಿಯುತ್ತಿದೆ ಅಂತ ಕೇಳುತ್ತದೆ. ಸ್ಪೆಕ್ಟ್ರೋಸ್ಕೋಪಿ ಅಲ್ಲಿನ ರಸಾಯನ ಏನು ಅಂತ ಕೇಳುತ್ತದೆ.

ಇಷ್ಟೆಲ್ಲ ಆದರೂ ಚಿತ್ರ ಹೇಳುವುದು ‘ಬಹುಶಃ ಇದು’ ಅಂತ. ಹೆಸರು ಇಡುವುದು ಬಯಾಪ್ಸಿ. ಒಂದು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ವಂಶವಾಹಿಯ ಪರೀಕ್ಷೆ ಮಾಡಿ ಹೇಳಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ವರ್ಗೀಕರಣದಲ್ಲಿ ಐ.ಡಿ.ಎಚ್. ಎಂಬ ವಂಶವಾಹಿ ಬದಲಾಗಿದೆಯೋ ಇಲ್ಲವೋ ಎಂಬುದರ ಮೇಲೆ ದೊಡ್ಡವರ ಗ್ಲಿಯೋಮಾದ ಹೆಸರೇ ಬೇರೆಯಾಗುತ್ತದೆ.

4. ಚಿತ್ರವೇ ನಕ್ಷೆಯಾದಾಗ

ಶಸ್ತ್ರವೈದ್ಯರಿಗೆ ಗಡ್ಡೆಯ ವಿಳಾಸವಷ್ಟೇ ಸಾಲದು, ನೆರೆಹೊರೆಯಲ್ಲಿ ಯಾರಿದ್ದಾರೆ ಅಂತಲೂ ಬೇಕು. ಗಡ್ಡೆ ಪೂರ್ತಿ ತೆಗೆದು ಮಾತೇ ಹೋದರೆ ಏನು ಬಂತು? 1990ರಲ್ಲಿ ಸೇಜಿ ಒಗಾವಾ ತೋರಿಸಿದ ತತ್ತ್ವದ ಮೇಲೆ, ಮಿದುಳಿನ ಯಾವ ಜಾಗ ಕೆಲಸ ಮಾಡುತ್ತಿದೆ ಅಂತ ರಕ್ತದ ಆಮ್ಲಜನಕದಿಂದ ತಿಳಿಯುವ ಎಂ.ಆರ್.ಐ. ಬಂತು. ನರದ ಎಳೆಗಳು ಹೋಗುವ ದಾರಿಯನ್ನು ಬಣ್ಣ ಬಣ್ಣದ ಗೆರೆಗಳಲ್ಲಿ ತೋರಿಸುವ ವಿಧಾನವೂ ಬಂತು. ಇವೂ ಅಂದಾಜೇ. ಮಾತಿನ ಜಾಗದ ಹತ್ತಿರ ಗಡ್ಡೆಯಿದ್ದರೆ ರೋಗಿಯನ್ನು ಎಚ್ಚರವಾಗಿಟ್ಟುಕೊಂಡೇ ಆಪರೇಶನ್ ಮಾಡುವುದುಂಟು. ಮಿದುಳಿಗೆ ತನ್ನದೇ ನೋವು ತಿಳಿಯುವುದಿಲ್ಲ. ಸಣ್ಣ ವಿದ್ಯುತ್ ತಾಗಿಸುತ್ತ, ಚಿತ್ರ ತೋರಿಸಿ ‘ಇದೇನು?’ ಅಂತ ಕೇಳುತ್ತಾರೆ. ಮಾತು ತಡವರಿಸಿದರೆ ಆ ಜಾಗ ಮುಟ್ಟುವುದಿಲ್ಲ.

ಇದು ನಮ್ಮಂಥವರಿಗೆ ಬಹಳ ಹತ್ತಿರದ ವಿಷಯ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷು. 1978ರಲ್ಲಿ ಓಜ್‌ಮನ್ ಮತ್ತು ವಿಟೇಕರ್ ಎಂಬುವರು ಎರಡು ಭಾಷೆಯ ರೋಗಿಗಳನ್ನು ಹೀಗೆ ಪರೀಕ್ಷಿಸಿದಾಗ, ಕೆಲವು ಜಾಗಗಳಲ್ಲಿ ಒಂದು ಭಾಷೆ ಮಾತ್ರ ಕೆಟ್ಟಿತು, ಇನ್ನೊಂದು ಉಳಿಯಿತು. ಅಂದರೆ ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷೆ ಮಾಡಿದರೆ ಕನ್ನಡದ ಜಾಗ ಲೆಕ್ಕಕ್ಕೆ ಬಾರದೆ ಹೋದೀತು. ನಮ್ಮವರು ಯಾರಿಗಾದರೂ ಇಂಥ ಆಪರೇಶನ್ ಆಗುವುದಿದ್ದರೆ ಆಡುವ ಭಾಷೆಗಳನ್ನೆಲ್ಲ ವೈದ್ಯರಿಗೆ ಮೊದಲೇ ಹೇಳಬೇಕು. ಆಪರೇಶನ್ ಆದ ಮೇಲೆ ಅಜ್ಜಿ ಮೊಮ್ಮಗಳನ್ನು ಯಾವ ಮಾತಿನಲ್ಲಿ ಕರೆಯುತ್ತಾಳೆ ಅನ್ನುವುದು ಸಣ್ಣ ಸಂಗತಿಯೇ?

ನಕ್ಷೆಗೂ ಒಂದು ಮಿತಿ ಇದೆ. ತಲೆಬುರುಡೆ ತೆರೆದು ಒಳಗಿನ ನೀರು ಹರಿದುಹೋದ ಮೇಲೆ ಮಿದುಳು ಕೊಂಚ ಕುಸಿಯುತ್ತದೆ. ಬೆಳಿಗ್ಗೆ ತೆಗೆದ ಚಿತ್ರ ಆಗಲೇ ಹಳತಾಯಿತು. ಅದಕ್ಕೇ ಆಪರೇಶನ್ ನಡುವೆಯೇ ಅಲ್ಟ್ರಾಸೌಂಡ್ ಹಿಡಿದು ನೋಡುತ್ತಾರೆ, ಕೆಲವೆಡೆ ಎಂ.ಆರ್.ಐ. ಮಾಡುತ್ತಾರೆ. ರೇಡಿಯೇಶನ್ ಕೊಡುವಾಗಲೂ ಹೀಗೆಯೇ. ಕಿರಣದ ಲೆಕ್ಕಕ್ಕೆ ಸಿ.ಟಿ., ಗಡ್ಡೆಯ ಗಡಿ ಗುರುತಿಸಲು ಎಂ.ಆರ್.ಐ., ಎರಡನ್ನೂ ಒಂದರ ಮೇಲೊಂದು ಇಟ್ಟು ಹೊಂದಿಸುತ್ತಾರೆ.

5. ಚಿಕಿತ್ಸೆಯ ನಂತರದ ಮೋಸದ ಚಿತ್ರ

ಆಪರೇಶನ್ ಆದ ಎರಡು ಮೂರು ದಿನದೊಳಗೆ ಮತ್ತೆ ಎಂ.ಆರ್.ಐ. ಮಾಡುವುದು ವಾಡಿಕೆ. ತಡ ಮಾಡಿದರೆ ಗಾಯವೇ ಹೊಳೆಯತೊಡಗಿ, ಉಳಿದ ಗಡ್ಡೆ ಯಾವುದು, ಗಾಯ ಯಾವುದು ತಿಳಿಯದು. 2005ರ ನಂತರ ಗ್ಲಿಯೋಬ್ಲಾಸ್ಟೋಮಾಕ್ಕೆ ಆರು ವಾರದ ರೇಡಿಯೇಶನ್ ಜೊತೆಗೆ ಟೆಮೊಜೊಲೊಮೈಡ್ ಮಾತ್ರೆ ಕೊಡುವ ಪದ್ಧತಿ ಬಂತು. ಇದು ಮುಗಿದ ಮೊದಲ ಸುಮಾರು ಮೂರು ತಿಂಗಳಲ್ಲಿ ಕೆಲವರ ಚಿತ್ರ ಮೊದಲಿಗಿಂತ ಕೆಟ್ಟದಾಗಿ ಕಾಣುತ್ತದೆ. ಮನೆಯವರ ಎದೆ ಒಡೆಯುತ್ತದೆ. ಆದರೆ ಅದು ಚಿಕಿತ್ಸೆಯಿಂದಲೇ ಬೇಲಿ ಸೋರಿದ್ದಾಗಿರಬಹುದು, ಕಾದು ನೋಡಿದರೆ ತಾನಾಗಿ ಇಳಿಯಬಹುದು. ಇದಕ್ಕೆ ಸುಳ್ಳು ಬೆಳವಣಿಗೆ ಅನ್ನೋಣ. ಇದರ ತಿರುಗುಮುರುಗೂ ಉಂಟು. ಸ್ಟೆರಾಯ್ಡ್ ಔಷಧಿ ಕೊಟ್ಟರೆ ಊತ ಇಳಿದು ಹೊಳಪು ತಗ್ಗಿ ಚಿತ್ರ ಚೆನ್ನಾಗಿ ಕಾಣುತ್ತದೆ. ಗಡ್ಡೆ ಮಾತ್ರ ಇದ್ದಲ್ಲೇ ಇರಬಹುದು.

6. ವರದಿ ಕೈಗೆ ಬಂದಾಗ

ಹುಬ್ಬಳ್ಳಿ, ವಿಜಯಪುರ, ಕಲಬುರಗಿ ಕಡೆಯಿಂದ ಪರೇಲಿನ ಆಸ್ಪತ್ರೆಗಳಿಗೆ ಬರುವ ನಮ್ಮ ಜನ ಬಹಳ. ಬಂದವರು ನೆಂಟರ ಮನೆಯಲ್ಲಿ ಇಳಿದಾಗ ದೊಡ್ಡ ಲಕೋಟೆ ಕಾಲೇಜಿಗೆ ಹೋಗುವ ಹುಡುಗರ ಕೈಗೇ ಬರುತ್ತದೆ: “ತಮ್ಮಾ, ಇದರಾಗ ಏನ್ ಬರದಾರ, ಒಂದಿಷ್ಟ್ ಓದಿ ಹೇಳಪಾ.” ಆಗ ನೆನಪಿರಬೇಕಾದ ಮಾತು ಇಷ್ಟು.

‘ಸ್ಪೇಸ್ ಆಕ್ಯುಪೈಯಿಂಗ್ ಲೀಶನ್’ ಅಂದರೆ ಜಾಗ ಹಿಡಿದುಕೊಂಡ ಏನೋ ಒಂದು. ಕ್ಯಾನ್ಸರ್ ಅಂತ ಅರ್ಥವಲ್ಲ. ‘ಮಿಡ್‌ಲೈನ್ ಶಿಫ್ಟ್’ ಅಂದರೆ ಒತ್ತಡಕ್ಕೆ ಮಿದುಳಿನ ನಡುಗೆರೆ ಸರಿದಿದೆ. ಇದಿದ್ದರೆ ತಡ ಮಾಡದೆ ವೈದ್ಯರನ್ನು ಕಾಣಬೇಕು. ಫಿಲ್ಮಿನಲ್ಲಿ ನಮ್ಮ ಎಡಗಡೆ ಕಾಣುವುದು ರೋಗಿಯ ಬಲಗಡೆ, ಎದುರು ನಿಂತವರನ್ನು ನೋಡಿದ ಹಾಗೆ. ಹಳೆಯ ಫಿಲ್ಮು, ಸಿ.ಡಿ. ಯಾವುದನ್ನೂ ಎಸೆಯಬಾರದು. ಗಡ್ಡೆ ಬೆಳೆದಿದೆಯೇ ಎಂಬ ಪ್ರಶ್ನೆಗೆ ಒಂದೇ ಚಿತ್ರ ಉತ್ತರ ಕೊಡಲಾರದು, ಎರಡು ಬೇಕು.

ಕಡೆಯದಾಗಿ, ಬಹಳ ವರದಿಗಳ ಕೊನೆಗೆ ‘ಕ್ಲಿನಿಕಲ್ ಕೊರಿಲೇಶನ್’ ಅಂತ ಒಂದು ಸಾಲು ಇರುತ್ತದೆ. ಶಿಷ್ಟಾಚಾರಕ್ಕೆ ಬರೆದದ್ದು ಅಂತ ಬಿಟ್ಟುಬಿಡುತ್ತೇವೆ. ಅದರ ಅರ್ಥ: ಈ ಚಿತ್ರವನ್ನು ರೋಗಿಯ ಪಕ್ಕದಲ್ಲಿಟ್ಟು ಓದಿರಿ. ಕೈ ಸೋತಿದೆಯೇ, ಮಾತು ತೊದಲುತ್ತಿದೆಯೇ, ಬೆಳಗಿನ ಹೊತ್ತು ತಲೆನೋವು ವಾಂತಿ ಇದೆಯೇ, ಯಾವಾಗಿನಿಂದ? ಇದನ್ನು ಯಂತ್ರ ಕೇಳುವುದಿಲ್ಲ. ಬೆನೆಟ್ ಅವರು 1884ರಲ್ಲಿ ಕೇಳಿದ್ದು ಇದನ್ನೇ. ಲಕೋಟೆ ಕೈಗೆ ಕೊಟ್ಟವರಿಗೆ ನಾವು ರೋಗದ ಹೆಸರು ಹೇಳಬೇಕಾಗಿಲ್ಲ. ಈ ಪ್ರಶ್ನೆಗಳಿಗೆ ಉತ್ತರ ಕೇಳಿ, ತಾರೀಖು ಸಹಿತ ಒಂದು ಹಾಳೆಯಲ್ಲಿ ಬರೆದು ವೈದ್ಯರ ಮುಂದೆ ಇಟ್ಟರೆ, ಅದು ಯಾವ ಚಿತ್ರಕ್ಕೂ ಕಡಿಮೆಯಲ್ಲ.

ಯೋಚಿಸಿ ನೋಡಿ

(ಅ) ಹೊಳೆಯುವ ಭಾಗವನ್ನೆಲ್ಲ ತೆಗೆದರೂ ಗ್ಲಿಯೋಮಾ ಮರಳಿ ಬರುವುದೇಕೆ?
(ಆ) ಉಂಗುರ ಕಂಡಾಗ ಕ್ಷಯವೋ ಗಡ್ಡೆಯೋ ಎಂದು ತಿಳಿಯಲು ಮನೆಯವರನ್ನು ಏನೇನು ಕೇಳಬಹುದು?
(ಇ) ನಿಮ್ಮ ಮನೆಯ ಹಿರಿಯರೊಬ್ಬರ ಮಾತನ್ನು ಪರೀಕ್ಷಿಸಬೇಕಾದರೆ ಯಾವ ಯಾವ ಭಾಷೆಯಲ್ಲಿ ಪರೀಕ್ಷಿಸಬೇಕು? ಪಟ್ಟಿ ಮಾಡಿ.